ಉಪ್ಪು ಬಿಟ್ಟ ಶ್ರಾವಣ

ಆ ಗುಳಿಗೆಯ ರುಚಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟೆ: ಹುಣಸೆಹಣ್ಣು ಹಾಕಿ ತಿಕ್ಕದೆ ಮೂಲೆಗೆ ಬಿಟ್ಟ ಹಿತ್ತಾಳೆ ತಂಬಿಗೆಯನ್ನು ಒಮ್ಮೆ ನೆಕ್ಕಿ ನೋಡಿ. ಬೆಳಗಿನ ಚಹಾ ಹಾಗೆ, ಮಧ್ಯಾಹ್ನದ ರೊಟ್ಟಿ ಹಾಗೆ, ಬರೀ ನೀರು ಕುಡಿದರೂ ಹಾಗೆ. ನೀರನ್ನಂತೂ ಕುಡಿದು ಕುಡಿದು ಹೊಟ್ಟೆ ಊದುತ್ತಿತ್ತು. ಆದರೂ ಬಾಯಿ ಒಣಗುತ್ತಿತ್ತು, ಮತ್ತೆ ಹಿತ್ತಿಲಿಗೆ ಓಡಬೇಕು. ಈ ಮನೆಯ ಸೊಸೆ ಯಾಕೆ ಗಳಿಗೆಗೊಮ್ಮೆ ಹಿತ್ತಿಲಿಗೆ ಹೋಗುತ್ತಾಳೆ ಎಂದು ಬಾಜೂಮನೆಯವರು ಕಿಟಕಿಯಲ್ಲಿ ಕೂತು ನೋಡುತ್ತಿದ್ದರು. ಥೂ, ಆ ಬಾಳು ವೈರಿಗೂ ಬೇಡ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಖಾನಾಪುರದ ಮಗಳು, ಬೆಳಗಾವಿಯ ಶಹಾಪುರಕ್ಕೆ ಸೊಸೆ. ಗಂಡನ ಮನೆಯಲ್ಲಿ ಕೈಮಗ್ಗಗಳಿದ್ದವು. ಮಗ್ಗದ ಮೇಲೆ ಒಂದು ಹಾಸು, ಅಂದರೆ ಉದ್ದಕ್ಕೆ ಎಳೆದ ನೂಲಿನ ಸಾಲು, ಮುಗಿದಾಗ ಹೊಸ ಹಾಸಿನ ಎಳೆಗಳನ್ನು ಹಳೆಯವುಗಳ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು. ಸಾವಿರಗಟ್ಟಲೆ ಎಳೆ, ಒಂದೊಂದೂ ಕೂದಲಿನಷ್ಟು ಸಣ್ಣ. ನಮ್ಮ ಮನೆಯಲ್ಲಿ ಅದು ನನ್ನ ಕೆಲಸ. ಬೆರಳಿಗೆ ಬೂದಿ ಹಚ್ಚಿಕೊಂಡು ಮಗ್ಗದ ಹಿಂದೆ ಕೂತೆನೆಂದರೆ ಊಟದ ಹೊತ್ತೂ ನೆನಪಾಗುತ್ತಿರಲಿಲ್ಲ. "ನನ್ನ ಸೊಸಿ ಕೂಡಿಸಿದ ಎಳಿ ಎಲ್ಲಿ ಅದ, ಹುಡುಕಿ ತೋರಸ್ರಿ ನೋಡೂಣು" ಎಂದು ಅತ್ತೆ ಓಣಿಗೆಲ್ಲ ಸವಾಲು ಹಾಕುತ್ತಿದ್ದರು.

ಗುಳಿಗೆ ಸುರುವಾದ ಮೇಲೆ ಆ ಕೈ ನಡುಗತೊಡಗಿತು. ದೊಡ್ಡ ನಡುಕವಲ್ಲ, ಎಳೆ ಹಿಡಿಯಲು ಬಾರದಷ್ಟು. ಹೊಸೆದ ಎಳೆ ಹೊಸೆದಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಅತ್ತೆ ಲಾಳಿಯ ನೂಲನ್ನು ಕಂಡಿಕೆಗೆ ಸುತ್ತುವ ರಾಟೆಯನ್ನು ಮೆಲ್ಲಗೆ ನನ್ನ ಮುಂದೆ ಸರಿಸಿದರು. ಕಂಡಿಕೆ ಸುತ್ತುವುದು ಕಣ್ಣು ಮಂಜಾದ ಮುದುಕಿಯರ ಕೆಲಸ. ಅವರು ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ನೋಡಲು ಬಂದ ಹೆಂಗಸರಿಗೆ ಚಹಾ ಕೊಟ್ಟರೆ ಯಾರೂ ನನ್ನ ಮುಖ ನೋಡುತ್ತಿರಲಿಲ್ಲ, ಕೈಯಲ್ಲಿದ್ದ ಕಪ್ಪು-ಬಸಿ ನೋಡುತ್ತಿದ್ದರು. ಬಸಿಯಲ್ಲಿ ಚಹಾ ತುಳುಕಿದರೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಹೋಗುವಾಗ ಒಬ್ಬಳು ಗೋಮೂತ್ರ ಕುಡಿ ಅನ್ನುವವಳು, ಇನ್ನೊಬ್ಬಳು ಹಣೆಗೆ ಬರೆ ಹಾಕಿಸು ಅನ್ನುವವಳು. ಬಂದವರೆಲ್ಲ ಡಾಕ್ಟರು. ಅವರ ಎಲೆ ಅಡಿಕೆಯ ಬಾಯಿ, ಅವರ ಅಯ್ಯೋ ಪಾಪ, ಎರಡೂ ನನಗೆ ವಾಕರಿಕೆ ತರುತ್ತಿದ್ದವು.

ಹಾಗಾದರೆ ಅಂಥ ಗುಳಿಗೆಯನ್ನು ಯಾಕೆ ನುಂಗುತ್ತಿದ್ದೆ? ಅದನ್ನೂ ಹೇಳಿಬಿಡುತ್ತೇನೆ.

ಹಿಂದಿನ ವರ್ಷ ನನಗೆ ಒಮ್ಮೆಲೇ ನಿದ್ದೆ ಹೋಯಿತು. ನಿದ್ದೆ ಹೋದದ್ದು ಕಷ್ಟ ಅನಿಸಲೇ ಇಲ್ಲ, ಖುಷಿ ಅನಿಸಿತು. ಮೈಯಲ್ಲಿ ಬಲವೇ ಬಲ, ಬಾಯಲ್ಲಿ ಮಾತೇ ಮಾತು. ಜಗತ್ತಿನ ಹೆಂಗಸರಿಗೆಲ್ಲ ಸೀರೆ ಉಡಿಸುವುದಕ್ಕೇ ಶಿವ ನನ್ನನ್ನು ಕಳಿಸಿದ್ದಾನೆ ಎಂದು ಖಾತ್ರಿಯಾಯಿತು. ಒಂದು ಮುಂಜಾನೆ ಮದುವೆಮನೆಗೆಂದು ನೇಯುತ್ತಿದ್ದ ಸೀರೆಯನ್ನು ಅರ್ಧದಲ್ಲೇ ಕತ್ತರಿಯಿಂದ ಕತ್ತರಿಸಿ ಮಗ್ಗದಿಂದ ಇಳಿಸಿದೆ. ಮಡಿಸಿಟ್ಟ ಸೀರೆಗಳನ್ನೆಲ್ಲ ಗಂಟು ಕಟ್ಟಿದೆ. ಖಾನಾಪುರದ ಬಸ್ಸು ಹತ್ತಿದೆ. ಅವತ್ತು ಅಲ್ಲಿ ಸಂತೆ. ತರಕಾರಿ ಮಾರುವವರಿಗೆ, ಬುಟ್ಟಿ ಹೆಣೆಯುವವರಿಗೆ, ಮೀನು ಮಾರುವವರಿಗೆ, ಕಂಡಕಂಡವರಿಗೆ ಸೀರೆ ಹಂಚಿದೆ. ಹಾಡಿದೆನಂತೆ, ಕುಣಿದೆನಂತೆ. ಸೆರಗು ಎಲ್ಲಿತ್ತೋ ನನಗೆ ಗೊತ್ತಿಲ್ಲ. ನೋಡಿದವರಿಗೆ ಮಾತ್ರ ಇವತ್ತಿಗೂ ಚೆನ್ನಾಗಿ ಗೊತ್ತು.

ನನಗೆ ಗೊತ್ತಿರುವುದು ಒಂದೇ ಒಂದು. ಸುದ್ದಿ ಕೇಳಿ ಅವ್ವ ಓಡಿಬಂದಳು. ಮನೆಯ ಮುಂದೆ ಮೀನಿನ ಬುಟ್ಟಿ ಹಾದುಹೋದರೆ ಬಾಗಿಲು ಹಾಕಿಕೊಳ್ಳುವವಳು, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಮೀನುಪೇಟೆಯ ಕೆಸರಲ್ಲಿ ಬರಿಗಾಲಲ್ಲಿ ನಿಂತು, ಒಂದು ಕೈಯಿಂದ ಸೆರಗನ್ನು ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈ ಚಾಚಿ ಸೀರೆ ವಾಪಸು ಬೇಡುತ್ತಿದ್ದಳು. "ಅಕೀಗೆ ತಿಳೀವಲ್ದು, ಕೊಡ್ರೆವ್ವಾ, ನಿಮ್ಮ ಕಾಲಿಗೆ ಬೀಳ್ತೀನಿ." ಒಬ್ಬಳು ಸೀರೆಯನ್ನು ಬುಟ್ಟಿಯ ಕೆಳಗೆ ತುರುಕಿಕೊಂಡು, "ಅಕಿನ ಕೊಟ್ಟಾಳ, ನಾವೇನ ಕಸಗೊಂಡೀವೇನು?" ಅಂದಳು. ಆ ನಾತ, ಆ ಕೆಸರು, ಅವ್ವನ ಚಾಚಿದ ಕೈ. ಅದನ್ನು ನೋಡಿ ನಾನು ನಗುತ್ತಿದ್ದೆ. ಹೂಂ, ನಕ್ಕೆ.

ಆಮೇಲೆ ಆ ಖುಷಿಯೆಲ್ಲ ಬಸಿದು ಹೋಗಿ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದೆ. ಜಳಕವಿಲ್ಲ, ತಲೆ ಬಾಚುವುದಿಲ್ಲ, ತಲೆತುಂಬ ಹೇನು. ಬೆಳಗಾವಿಯ ಡಾಕ್ಟರೊಬ್ಬರ ಹತ್ತಿರ ಗಂಡ ಕರೆದುಕೊಂಡು ಹೋದರು. ಈಗಿನವರು ಬೈಪೋಲಾರ್ ಎನ್ನುವ ಆ ರೋಗಕ್ಕೆ ಡಾಕ್ಟರು ಆಗ ಇನ್ನೂ ಉದ್ದನೆಯದೊಂದು ಹೆಸರು ಹೇಳಿದರು. ನಮ್ಮ ಓಣಿಯಲ್ಲಿ ಅದಕ್ಕಿದ್ದ ಹೆಸರು ಒಂದೇ, ತಲಿ ಕೆಟ್ಟೈತಿ. ಡಾಕ್ಟರು ಲಿಥಿಯಂ ಎಂಬ ಗುಳಿಗೆ ಬರೆದರು. ಅದು ನನ್ನನ್ನು ಗೋಡೆಯ ಕಡೆಯಿಂದ ಎಬ್ಬಿಸಿ ಕೂರಿಸಿದ್ದು ಖರೆ. ಆದರೆ ಎದ್ದು ಕೂತವಳ ಕೈಯನ್ನು ಕಿತ್ತುಕೊಂಡಿತು, ಬಾಯಿಗೆ ಹಿತ್ತಾಳೆ ಬಳಿಯಿತು. ಆರಾಮಾಗಿದೆಯಲ್ಲ, ಇನ್ನು ಬಿಟ್ಟರೇನು ಎಂದು ನಾನು ದಿನಾ ಗಂಡನ ಜೀವ ತಿನ್ನುತ್ತಿದ್ದೆ. ಅವರದು ಒಂದೇ ಉತ್ತರ, "ನೋಡೂಣು." ಕಡೆಗೆ, ಪಂಚಮಿಗೆ ತವರಿಗೆ ಹೋಗಿ ಬರುತ್ತೇನೆ, ಬಂದಮೇಲೆ ಬಿಟ್ಟೇ ಬಿಡುತ್ತೇನೆ, ನೀವು ಹೂಂ ಅನ್ನಿ, ಬಿಡಿ ಎಂದು ಹೇಳಿ ಬಸ್ಸು ಹತ್ತಿದೆ.

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ, ಜೋಕಾಲಿ ಆಡುತ್ತಾರೆ, ಉಂಡಿ ತಿನ್ನುತ್ತಾರೆ. ನನ್ನ ಬಾಯಿಗೆ ಆ ಉಂಡಿಯೂ ಹಿತ್ತಾಳೆಯೇ. ಹಬ್ಬ ಮುಗಿದ ಮರುದಿನ ಅವ್ವ ನನ್ನ ಮುಂದೆ ತಾಟು ಇಟ್ಟಳು. ಬೇಳೆಗೆ ಉಪ್ಪಿಲ್ಲ, ಪಲ್ಯಕ್ಕೆ ಉಪ್ಪಿಲ್ಲ, ರೊಟ್ಟಿಯ ಜೊತೆ ಚಟ್ನಿಯೂ ಇಲ್ಲ.

"ಏನಬೇ ಇದು? ಉಪ್ಪು ಮರತೀ."

"ಮರತಿಲ್ಲ. ಮಠದ ಅಜ್ಜನ ಗದ್ದಿಗಿ ಮುಂದ ಹರಕಿ ಹೊತ್ತೀನಿ. ಶ್ರಾವಣ ಮುಗಿಯೂತನ ಇಬ್ಬರೂ ಸಪ್ಪನ ಊಟ ಮಾಡೂಣು. ಉಪ್ಪು ಖಾರ ತಿಂದ್ರ ಮೈಯಾಗ ಉಷ್ಣ ಏರ್ತೈತಿ, ಸಿಟ್ಟು ಏರ್ತೈತಿ, ತಲಿಗಿ ಹೋಗ್ತೈತಿ. ಉಪ್ಪು ಬಿಟ್ಟಿ ಅಂದ್ರ ತಂಪಾಕ್ಕೀ. ಆಮ್ಯಾಲೆ ಆ ಗುಳಿಗಿ ಯಾಕ ಬೇಕು?"

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ನನ್ನ ತಾಟಿನ ಉಪ್ಪನ್ನು ತೆಗೆದವಳೇ ಆ ತಾಯಿ. ಸುಣ್ಣದ ನೀರಿನಂಥ ಬೇಳೆ, ಬೇಯಿಸಿದ ಹುಲ್ಲಿನಂಥ ಪಲ್ಯ. ತುತ್ತು ಬಾಯಲ್ಲಿ ಇಟ್ಟರೆ ಒಳಗೂ ಹೋಗದು, ಹೊರಗೂ ಬಾರದು. ಆದರೂ ಉಂಡೆ. ಯಾಕೆಂದರೆ ಗುಳಿಗೆ ಬಿಡುವ ಮಾತನ್ನು ನನ್ನ ಕಡೆಯಿಂದ ಆಡಿದವಳು ಅವಳೊಬ್ಬಳೇ. ಹರಕೆ ಮುಗಿಯುವ ತನಕ ಗುಳಿಗೆಯೂ ಇರಲಿ, ಆಮೇಲೆ ಎರಡನ್ನೂ ಕೂಡಿಯೇ ಬಿಡೋಣ ಎಂದುಕೊಂಡೆ.

ಶ್ರಾವಣದ ಮಳೆ ಹಿಡಿಯಿತು. ಮಲಪ್ರಭೆ ಕೆಂಪಗೆ ತುಂಬಿ ಹರಿಯಿತು. ನನ್ನ ಹೊಟ್ಟೆಯೂ ಹಾಗೇ ಆಯಿತು. ಮೊದಲು ವಾಂತಿ, ಆಮೇಲೆ ಭೇದಿ. ಮಳೆಯಲ್ಲಿ ಹಿತ್ತಿಲಿಗೆ ಓಡಿ ಓಡಿ ಸೀರೆಯ ಅಂಚೆಲ್ಲ ಕೆಸರು, ನಾತ. ನನ್ನ ಮೈ ನನಗೇ ಹೇಸಿಗೆ. ಸಣ್ಣದಾಗಿದ್ದ ನಡುಕ ದೊಡ್ಡದಾಯಿತು. ನೀರಿನ ತಂಬಿಗೆ ಬಾಯಿಗೆ ಹೋಗುವ ಮೊದಲೇ ಎದೆಯ ಮೇಲೆ ಚೆಲ್ಲುತ್ತಿತ್ತು. ನಡೆದರೆ ಕುಡುಕನ ನಡಿಗೆ. ಅವ್ವ ಇನ್ನಷ್ಟು ಪಥ್ಯ ಬಿಗಿ ಮಾಡಿದಳು. ಮಜ್ಜಿಗೆಯನ್ನೂ ಸಪ್ಪಗೇ ಕೊಟ್ಟಳು.

ಬಾಜೂಮನೆಯ ಮರಾಠಿ ಮಾವಶಿ ಬಾಗಿಲಲ್ಲಿ ನಿಂತು ನೋಡಿ ಎದೆ ಬಡಿದುಕೊಂಡಳು. "ಸೋಡ ಗ ತೀ ಗೋಳಿ! ಬಿಟ್ಟಬಿಡ ಬಾಳಾ ಆ ಗುಳಿಗಿ, ಅದ ತಿನ್ನಾಕತ್ತೈತಿ ನಿನ್ನ."

ಅವ್ವ ಗುಳಿಗೆಯ ಸೀಸೆಯನ್ನು ಸೆರಗಿನ ತುದಿಯಿಂದ ಹಿಡಿದೆತ್ತಿದಳು, ಸತ್ತ ಇಲಿಯನ್ನು ಎತ್ತುವ ಹಾಗೆ. "ಇದು ಔಷಧ ಅಲ್ಲ, ಇಷಾ. ಹೊಳಿಗಿ ಒಗದು ಬರ್ತೀನಿ."

ಖರೆ ಹೇಳಲೇ? ಅಷ್ಟು ಸಂಕಟದಲ್ಲೂ ನನಗೆ ಹಿಗ್ಗಾಯಿತು. ನಾನು ಹೇಳುತ್ತಿದ್ದದ್ದೇ ನಿಜವಾಯಿತು. ಈಗ ಯಾರು ನನ್ನನ್ನು ತಡೆಯುತ್ತಾರೆ? ಆದರೆ ಹೊಳೆಗೆ ಒಗೆದರೆ ನನ್ನ ಸಿಟ್ಟು ತೀರುವುದಿಲ್ಲ. ಆ ಡಾಕ್ಟರ ಮೇಜಿನ ಮೇಲೆ ಒಗೆಯಬೇಕು. ನನ್ನ ಕೈ ಹೋಯಿತು, ಬಾಯಿ ಹೋಯಿತು, ಈಗ ಹೊಟ್ಟೆಯೂ ಹೋಯಿತು, ತಗೋ ನಿನ್ನ ಗುಳಿಗೆ ಎಂದು ಮುಖದ ಮೇಲೆ ಅನ್ನಬೇಕು. "ಹೊಳಿಗಿ ಬ್ಯಾಡ, ನಡಿ ಬೆಳಗಾವಿಗೆ" ಎಂದೆ. ಔಷಧಕ್ಕಾಗಿ ನಾನು ಹೊರಟದ್ದೇ ಅಲ್ಲ, ಜಗಳಕ್ಕೆ ಹೊರಟದ್ದು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈಗುಳ ಜೋಡಿಸಿಕೊಂಡೆ. ಅರ್ಧ ದಾರಿಯಲ್ಲಿ ಕಿಟಕಿಗೆ ತಲೆ ಹಾಕಿ ವಾಂತಿ ಮಾಡಿದೆ, ಅರ್ಧ ಹೊರಗೆ, ಅರ್ಧ ನನ್ನದೇ ತೊಡೆಯ ಮೇಲೆ. ಕಂಡಕ್ಟರು ಮೂಗು ಮುಚ್ಚಿಕೊಂಡು, "ಬಸರಿದ್ದಾರೇನ್ರೀ ಅವ್ವಾ?" ಎಂದು ಅವ್ವನನ್ನು ಕೇಳಿದ. ಬಸ್ಸಿನ ಹೆಂಗಸರು ನಕ್ಕರು. ಒಬ್ಬಳು ನಿಂಬೆಹಣ್ಣು ಕೊಟ್ಟಳು. ಆ ನಗೆಗೆ ನಿಂಬೆಹಣ್ಣನ್ನು ಅವಳ ಮೇಲೇ ಎಸೆಯಬೇಕು ಅನಿಸಿತು. ಎಸೆಯಲು ಕೈ ಏಳಲಿಲ್ಲ.

ಡಾಕ್ಟರು ವಯಸ್ಸಾದವರು, ಸಾವಕಾಶ ಮಾತಿನವರು. "ಬರ್ರಿ, ಕುಂದರ್ರಿ" ಅಂದರು. ನಾನು ಕೂರಲಿಲ್ಲ. ಸೀಸೆಯನ್ನು ಮೇಜಿನ ಮೇಲೆ ಕುಕ್ಕಿ ಬಾಯಿ ತೆರೆದೆ. ನಾಲಿಗೆ ಹೊರಳಲಿಲ್ಲ. ದಾರಿಯುದ್ದಕ್ಕೂ ಜೋಡಿಸಿದ್ದ ಬೈಗುಳಗಳೆಲ್ಲ ಅಂಬಲಿಯಂತೆ ಸುರಿದುಹೋದವು. ಏನು ಹೇಳಿದೆನೋ ನನಗೇ ತಿಳಿಯಲಿಲ್ಲ. ನನ್ನ ಜನ್ಮದಲ್ಲಿ ಅಂಥ ಅಪಮಾನ ಇನ್ನೊಂದಿಲ್ಲ, ಬೈಯಲು ಹೋಗಿ ತೊದಲಿದ್ದು.

ಡಾಕ್ಟರು ಎದ್ದು ಬಂದು ನನ್ನ ಕೈ ಹಿಡಿದು ನೋಡಿದರು. "ಎಷ್ಟು ಗುಳಿಗಿ ನುಂಗೀ ತಂಗಿ? ಒಮ್ಮೆಲೇ ಭಾಳ ನುಂಗೀಯೇನು?"

ನನ್ನ ಪರವಾಗಿ ಅವ್ವ ಎದೆಯುಬ್ಬಿಸಿ ಹೇಳಿದಳು. "ಇಲ್ರೀ ಸಾಹೇಬ್ರ, ನೀವು ಬರದಷ್ಟ ನುಂಗ್ಯಾಳ. ಪಥ್ಯದಾಗೂ ಏನೂ ಕಡಿಮಿ ಮಾಡಿಲ್ಲ. ಪಂಚಮಿ ಆದಾಗಿಂದ ಒಂದು ಹರಳು ಉಪ್ಪು ಬಾಯಾಗ ಹಾಕಿಲ್ಲ ನೋಡ್ರಿ."

ಡಾಕ್ಟರು ಕೈ ಬಿಟ್ಟು ಅವ್ವನ ಮುಖ ನೋಡಿದರು. "ಉಪ್ಪು ಬಿಡಿಸೀರಿ?"

"ಹೂಂನ್ರಿ, ಹರಕಿ."

"ಅವ್ವಾ, ಉಪ್ಪು ಬಿಟ್ರ ಈ ಗುಳಿಗಿ ಮೈ ಬಿಟ್ಟು ಹೊರಗ ಹೋಗೂದಿಲ್ಲ. ಒಳಗ ಕೂಡಿ ಕೂಡಿ ಇಷಾ ಆಗ್ತೈತಿ. ವಾಂತಿ ಭೇದಿ ಆದ್ರ ಇನ್ನಷ್ಟು. ಉಪ್ಪು ಕಡಿಮಿ ಮಾಡಬಾರದು, ನೀರು ಕಡಿಮಿ ಮಾಡಬಾರದು ಅಂತ ನಾ ಮೊದಲನೇ ದಿವಸನ ಹೇಳಿದ್ದೆ."

"ಯಾರಿಗೆ?" ಅದೊಂದು ಶಬ್ದ ಮಾತ್ರ ನನ್ನ ಬಾಯಿಂದ ನೆಟ್ಟಗೆ ಬಂತು.

"ನಿಮ್ಮ ಯಜಮಾನ್ರಿಗೆ."

ನನ್ನನ್ನು ಅವತ್ತೇ ಆಸ್ಪತ್ರೆಯ ಮಂಚಕ್ಕೆ ಹಾಕಿದರು. ಸಂಜೆಗೆ ಗಂಡ ಶಹಾಪುರದಿಂದ ಓಡಿಬಂದರು. ಹೌದು, ಡಾಕ್ಟರು ಹೇಳಿದ್ದು ಅವರಿಗೆ ನೆನಪಿತ್ತು. "ಅಡಗಿ ಮನಿ ಮಾತು ಅಂತ ಬಿಟ್ಟೆ. ನಮ್ಮನ್ಯಾಗ ಹೆಂಗೂ ಉಪ್ಪು ಹಾಕ್ತಾರಲ್ಲ" ಎಂದರು. ಅವರು ಕೆಟ್ಟವರಲ್ಲ. ಇವತ್ತಿಗೂ ಕೆಟ್ಟವರಲ್ಲ. ಆದರೆ ಅವತ್ತು ಅವರ ಮುಖ ನೋಡಲು ನನಗೆ ಹೇಸಿಗೆಯಾಯಿತು. ರೋಗ ನನ್ನದು, ಬಾಯಿ ನನ್ನದು, ನುಂಗುವವಳು ನಾನು. ಮಾತು ಮಾತ್ರ ಅವರಿಗೆ ಹೇಳಿದ್ದು! ದನದ ಡಾಕ್ಟರು ದನದ ಒಡೆಯನಿಗೆ ಹೇಳಿದ ಹಾಗೆ.

ಗುಳಿಗೆ ಬಂದ್ ಮಾಡಿ ಕೈಗೆ ಸಲೈನ್ ಹಚ್ಚಿದರು. ಬಾಟಲಿಯಲ್ಲಿ ಏನಿದೆ ಎಂದು ಅವ್ವ ನರ್ಸನ್ನು ಕೇಳಿದಳು. "ಉಪ್ಪಿನ ನೀರಬೇ ಅಜ್ಜಿ" ಎಂದಳು ನರ್ಸು. ಅವ್ವ ಬಾಟಲಿಯಿಂದ ಒಂದೊಂದೇ ಹನಿ ಇಳಿಯುವುದನ್ನು ಬಹಳ ಹೊತ್ತು ನೋಡಿದಳು. ಗದ್ದಿಗೆಯ ಮುಂದೆ ಹೊತ್ತ ಹರಕೆ ಕಣ್ಣೆದುರಿಗೇ ಮುರಿಯುತ್ತಿತ್ತು.

"ನಿನ್ನ ಹರಕಿ ಬಿಡಿಸ್ಯಾರ, ಬಿಡಿಸಲಿ. ನನ್ನ ತಪ್ಪಿಗೆ ನೀ ಸಾಯೂದು ಬ್ಯಾಡ" ಎಂದಳು. "ಹರಕಿ ನಾ ಒಬ್ಬಾಕಿನ ಹೊರತೀನಿ. ಶ್ರಾವಣ ಮುಗೀಲಿ ಬಿಡಲಿ, ನೀ ಗುಳಿಗಿ ಇಲ್ಲದ ಆರಾಮ ಆಗೂತನ ನಾ ಉಪ್ಪು ಮುಟ್ಟಾಂಗಿಲ್ಲ."

ಅಂದಿನಿಂದ ಅವಳು ತರುತ್ತಿದ್ದ ಡಬ್ಬಿಯಲ್ಲಿ ನನ್ನ ಬೇಳೆ ಬೇರೆ, ಅವಳದು ಬೇರೆ.

ಗುಳಿಗೆ ನಿಂತ ಆ ಕೆಲವು ದಿನಗಳನ್ನು ನಾನು ಮರೆತಿಲ್ಲ. ಮೊದಲು ವಾಂತಿ ನಿಂತಿತು. ಆಮೇಲೆ ಒಂದು ಬೆಳಿಗ್ಗೆ ಆಸ್ಪತ್ರೆಯ ಕೆಟ್ಟ ಚಹಾ ಕುಡಿದೆ, ಅದು ಚಹಾದಂತೆಯೇ ಇತ್ತು. ನನಗೆ ಅಳು ಬಂತು. ಕೈ ನಡುಕ ಇಳಿಯಿತು. ಹೊದಿಕೆಯ ಅಂಚಿನಿಂದ ಎರಡು ಎಳೆ ಕಿತ್ತು ಹೊಸೆದು ನೋಡಿದೆ, ಕೂಡಿತು. ಎಳೆದು ನೋಡಿದೆ, ಬಿಚ್ಚಲಿಲ್ಲ. ಗಂಡನಿಗೆ ತೋರಿಸಿದೆ. "ಹಂಗಾದ್ರ ಬಿಟ್ಟಬಿಡೂಣು" ಎಂದರು ಅವರು, ಪಾಪ, ಮೊದಲ ಸಲ. ಅವ್ವನಂತೂ ಕೈಮುಗಿದಳು. ಎಲ್ಲರೂ ನನಗೆ ಬೇಕಾದದ್ದನ್ನೇ ಹೇಳುತ್ತಿದ್ದರು.

ಡಾಕ್ಟರು ಬಂದವರು ಗಂಡನ ಕಡೆ ತಿರುಗಿ, "ಇನ್ನ ಕಡಿಮಿ ಮಾಡಿ ಮತ್ತ ಸುರು ಮಾಡೂಣು" ಎಂದರು.

"ನನ್ನ ಕಡೆ ನೋಡಿ ಹೇಳ್ರಿ" ಎಂದೆ.

ಅವರು ಕುರ್ಚಿಯನ್ನು ನನ್ನ ಮಂಚದ ಕಡೆ ಎಳೆದುಕೊಂಡರು. "ಕೇಳು ತಂಗಿ."

"ಬಿಟ್ರ ಏನಾಗ್ತೈತಿ?"

"ಮತ್ತ ಬರಬಹುದು. ಯಾವಾಗ ಅಂತ ಹೇಳಾಕ ಬರೂದಿಲ್ಲ."

"ತಗೊಂಡ್ರ ಬರೂದಿಲ್ಲ ಅಂತ ಖಾತ್ರಿ ಕೊಡ್ತೀರೇನು?"

"ಕೊಡಾಂಗಿಲ್ಲ. ಬರೂದು ಕಡಿಮಿ ಆಗ್ತೈತಿ, ಅಷ್ಟ."

"ನನ್ನ ಕೈ?"

"ಸ್ವಲ್ಪ ನಡಗೂದು ಇದ್ದ ಇರ್ತೈತಿ."

ಎಂಥ ಹೊಲಸು ವ್ಯಾಪಾರ! ಎರಡೂ ಕಡೆ ತೂತು ಚೀಲ. ಆದರೆ ಅವರು ಸುಳ್ಳು ಹೇಳಲಿಲ್ಲ, ಅದಕ್ಕೆ ಬೈಯಲೂ ಆಗಲಿಲ್ಲ. "ನಾಳೆ ಹೇಳ್ತೀನಿ" ಎಂದೆ. ಮನಸ್ಸಿನಲ್ಲಿ ಬಿಡುವುದೆಂದೇ ಗಟ್ಟಿ ಮಾಡಿದ್ದೆ.

ಆ ಮಧ್ಯಾಹ್ನ ಮಂಚದ ಮೇಲೆ ಕೂತು ಎಳೆ ಹೊಸೆಯುತ್ತ ಮುಂದಿನದನ್ನು ಯೋಚಿಸಿದೆ. ಮನೆಗೆ ಹೋದವಳೇ ಮಗ್ಗದ ಹಿಂದೆ ಕೂರಬೇಕು. ನಾನೇ ಬಣ್ಣ ಆರಿಸಬೇಕು. ಖಾನಾಪುರದ ಪೇಟೆಯಲ್ಲಿ ನಮ್ಮದೇ ಒಂದು ಅಂಗಡಿ ಇಡಬೇಕು. ಬಡವರ ಮದುವೆಗೆ ಸೀರೆ ಪುಕ್ಕಟೆ ಕೊಡಬೇಕು. ಆ ನರ್ಸಿಗೊಂದು, ಮಾವಶಿಗೊಂದು, ನಿಂಬೆಹಣ್ಣು ಕೊಟ್ಟವಳಿಗೂ ಒಂದು. ಎದೆ ಹಗುರಾಗಿ, ಬೆರಳು ಚುರುಕಾಗಿ, ಎಂಥ ಚಂದ ಅನಿಸಿತು! ಆ ಚಂದದ ನಡುವೆಯೇ ಮೂಗಿಗೆ ಮೀನಿನ ನಾತ ಬಡಿಯಿತು.

ಆಸ್ಪತ್ರೆಯಲ್ಲಿ ಎಲ್ಲಿಯ ಮೀನು? ಆದರೂ ಬಂತು. ಕೆಸರು ಬಂತು, ಬುಟ್ಟಿಯ ಕೆಳಗಿನ ಸೀರೆ ಬಂತು, ಅವ್ವನ ಚಾಚಿದ ಕೈ ಬಂತು, ನನ್ನ ನಗೆಯೂ ಕೇಳಿಸಿತು.  ಇದು ಹೋದ ವರ್ಷದ ಹುಚ್ಚಿನ ತುದಿಯೋ, ಅಥವಾ ಆರೋಗ್ಯವಂತರಿಗೆಲ್ಲ ಬರುವ ಸಾದಾ ಆಸೆಯೋ? ಎಷ್ಟು ಯೋಚಿಸಿದರೂ ನನಗೆ ಗೊತ್ತಾಗಲಿಲ್ಲ. ಗೊತ್ತಾಗುವುದಿಲ್ಲ ಎಂಬುದೇ ನನ್ನ ರೋಗ. ಗುಳಿಗೆ ನುಂಗಿದರೆ ಹೇಸುವುದು ನನ್ನ ಬಾಯಿ. ಬಿಟ್ಟರೆ ಮೀನುಪೇಟೆಯಲ್ಲಿ ನಿಲ್ಲುವವಳು ಅವ್ವ. ಕೈಯಲ್ಲಿದ್ದ ಎಳೆಗಳನ್ನು ಮಂಚದ ಕೆಳಗೆ ಒಗೆದೆ.

ಆಸ್ಪತ್ರೆಯಿಂದ ಶಹಾಪುರಕ್ಕೆ ಬಂದ ದಿನ ಅವ್ವನೂ ನನ್ನನ್ನು ಬಿಡಲು ಬಂದಿದ್ದಳು. ಅತ್ತೆ ಎಲ್ಲರಿಗೂ ತಾಟು ಹಾಕಿದರು, ರೊಟ್ಟಿ, ಬದನೆಕಾಯಿ ಪಲ್ಯ, ಬೇಳೆ. ಅವ್ವನಿಗೆ ಮಾತ್ರ ಬೇರೆ ಬೋಗುಣಿಯಲ್ಲಿ ಸಪ್ಪನೆಯ ಬೇಳೆ. ನಾನು ಉಂಡು, ಎಲ್ಲರ ಮುಂದೆ ಸೀಸೆ ತೆಗೆದು, ಡಾಕ್ಟರು ಕಡಿಮೆ ಮಾಡಿಕೊಟ್ಟ, ಆಸ್ಪತ್ರೆಯಲ್ಲೇ ಯಾರಿಗೂ ಹೇಳದೆ ನಾಲ್ಕು ದಿನದ ಹಿಂದೆ ಸುರು ಮಾಡಿದ್ದ ಗುಳಿಗೆಯನ್ನು ನುಂಗಿದೆ. ನುಂಗುವಾಗಲೇ ಆ ಹಾಳು ಹಿತ್ತಾಳೆ ನೆನಪಾಗಿ ಮುಖ ಕಿವುಚಿದೆ. ಗಂಡ ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದರು. ಅತ್ತೆ ಮಗ್ಗದ ಕಡೆ ಒಮ್ಮೆ ನೋಡಿ ತಲೆ ಕೆಳಗೆ ಹಾಕಿದರು. ಎಳೆ ಕೂಡಿಸುವ ಕೆಲಸ ಮತ್ತೆಂದೂ ನನ್ನ ಕೈಗೆ ಬರುವುದಿಲ್ಲ ಎಂದು ಅವರಿಗೆ ತಿಳಿಯಿತು. ನನಗೂ ತಿಳಿದಿತ್ತು.

ಅವ್ವ ತುತ್ತು ಹಿಡಿದ ಕೈಯನ್ನು ತಾಟಿಗೆ ಇಳಿಸಿದಳು. "ಹಂಗಾದ್ರ ನಂದು ಸಾಯೂತನ ಸಪ್ಪನ ಊಟ ಅನ್ನು."

ಎಲ್ಲಿತ್ತೋ ಆ ಸಿಟ್ಟು! ಎದ್ದುಹೋಗಿ ಉಪ್ಪಿನ ಡಬ್ಬಿ ತಂದು ಅವಳ ಮುಂದೆ ಕೂತೆ.

"ಯಾಕ? ನನಗ ಆರಾಮ ಆಗೈತಿ. ಆರಾಮ ಅಂದ್ರ ಇದನಬೇ. ಗುಳಿಗಿ ನುಂಗಿ, ನಿನ್ನ ಮುಂದ ಕುಂತು, ನಿನ್ನ ಕೂಡ ಜಗಳಾ ತಗಿಯಾಕತ್ತೀನಲ್ಲ, ಇದು. ಇದಕ್ಕಿಂತ ಚೊಲೊ ಆರಾಮ ನನ್ನ ಕಡೆ ಇಲ್ಲ. ಹರಕಿ ಮುಗೀತು ಅಂತ ನಿನ್ನ ಗದ್ದಿಗಿಗೆ ಹೋಗಿ ಹೇಳು. ಉಣ್ಣು."

ಅವಳು ಬೇಡ ಎನ್ನುವ ಮೊದಲೇ ಚಿಟಿಕೆಯಲ್ಲಿ ಉಪ್ಪು ಹಿಡಿದು ಅವಳ ಬೋಗುಣಿಯ ಮೇಲೆ ಕೈ ಒಯ್ದೆ. ಗುಳಿಗೆಯ ಹಿಂದೆಯೇ ನಡುಕವೂ ಮರಳಿತ್ತು. ಉಪ್ಪು ಬೇಳೆಗಷ್ಟೇ ಬೀಳಲಿಲ್ಲ. ರೊಟ್ಟಿಯ ಮೇಲೆ ಬಿತ್ತು, ಅವಳ ಮುಂಗೈ ಮೇಲೆ ಬಿತ್ತು, ಮಡಿಲಲ್ಲಿ ಬಿತ್ತು. ಮತ್ತೊಂದು ಚಿಟಿಕೆ ಹಿಡಿದೆ, ಅದೂ ಹಾಗೆಯೇ. ಅವ್ವ ಉಪ್ಪು ನೋಡಲಿಲ್ಲ, ನನ್ನ ಕೈ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಆಮೇಲೆ ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ಬಾಯಿಗೆ ಇಟ್ಟುಕೊಂಡಳು.

"ಥೂ, ಭಾಳ ಉಪ್ಪಾಗೈತಿ" ಎಂದಳು.

"ನನ್ನ ಕೈ ನಡಗತೈತಿ, ನಾ ಏನ ಮಾಡ್ಲಿ?"

ಅವಳು ಬೋಗುಣಿಯನ್ನು ಬೆರಳಿಂದ ಬಳಿದು ಬಳಿದು ಪೂರಾ ಉಂಡಳು, ಮೇಲೊಂದು ತಂಬಿಗೆ ನೀರು ಕುಡಿದಳು.